ಡಾಂಬರಿಲ್ಲದ ದಾರಿ ಯಾರದು?

ಫೆಬ್ರವರಿ ಕೊನೆಯ ಒಂದು ಸಂಜೆ ನಾವು ಮೂವರು ಕುಂದಾಪುರದ ಮನೆಯೊಂದರ ಜಗಲಿಯಲ್ಲಿ ಕೂತು ದಾರಿ ಗುರುತು ಮಾಡುತ್ತಿದ್ದೆವು. ಯುಗಾದಿಯ ಹೊತ್ತಿಗೆ ಮೂರು ದಿನದ ಸೈಕಲ್ ಸವಾರಿ ಹೋಗಬೇಕು, ಆದಷ್ಟೂ ಡಾಂಬರು ಬಿಟ್ಟು ಜಲ್ಲಿ, ಕೆಮ್ಮಣ್ಣಿನ ದಾರಿಯಲ್ಲೇ ಹೋಗಬೇಕು ಎಂಬುದು ಆಸೆ. ಬ್ರಹ್ಮಾವರದ ಬಾರ್ಕೂರಿನಿಂದ ಹೊರಟು, ಕುಂದಾಪುರದ ಒಳದಾರಿಗಳಲ್ಲಿ ಸಿದ್ದಾಪುರ, ಹೊಸಂಗಡಿ. ಬಾಳೆಬರೆ ಘಾಟಿ ಹತ್ತಿ ಮಾಸ್ತಿಕಟ್ಟೆ, ನಗರ. ಅಲ್ಲಿಂದ ನಿಟ್ಟೂರಿನ ಕಡೆ ತಿರುಗಿ ಕೊಡಚಾದ್ರಿಯ ಬುಡ. ಕೊನೆಗೆ ನಾಗೋಡಿ ಘಾಟಿ ಇಳಿದು ಕೊಲ್ಲೂರು, ಬೈಂದೂರು. ಟೈರು 40 ಮಿಲಿಮೀಟರ್ ಅಗಲದ್ದು ಸಾಕೋ, 45ರದ್ದು ಬೇಕೋ ಎಂದು ಚರ್ಚೆ ನಡೆದಿತ್ತು. ಚಹಾ ತಂದಿಟ್ಟ ಮನೆಯ ಹಿರಿಯರು ಸ್ವಲ್ಪ ಹೊತ್ತು ಕೇಳಿಸಿಕೊಂಡು ಅಂದರು: ‘ನಮ್ಗೆ ಡಾಂಬರ್ ಆಯ್ಕ್ ಅಂದೇಳಿ ಅರ್ಜಿ ಕೊಟ್ಟ್ ಕೊಟ್ಟ್ ಸಾಕಾಯ್ತ್. ನೀವ್ ಎಂತಕ್ಕೆ ಮಾರಾಯ್ರೆ ಡಾಂಬರ್ ಇಲ್ದಿದ್ ರಸ್ತೆ ಹುಡ್ಕುದ್?’

ನಾವು ನಕ್ಕೆವು. ಅವರೂ ನಕ್ಕರು. ಆದರೆ ಆ ಪ್ರಶ್ನೆ ನಕಾಶೆಯ ಮೇಲೆ ಹಾಗೇ ಕೂತುಬಿಟ್ಟಿತು. ಈ ಬರಹ ಆ ಪ್ರಶ್ನೆಯನ್ನು ಹಿಡಿದುಕೊಂಡು ನಮ್ಮ ಸಾಹಿತ್ಯವನ್ನೂ ನಮ್ಮ ಇತ್ತೀಚಿನ ಸವಾರಿ ಬರಹಗಳನ್ನೂ ಓದುವ ಪ್ರಯತ್ನ. ಒಂದೇ ಕಚ್ಚಾ ದಾರಿಗೆ ಇಬ್ಬರು ಓದುಗರಿದ್ದಾರೆ. ಒಬ್ಬನಿಗೆ ಅದು ಸಿಕ್ಕ ಸುಖ, ಇನ್ನೊಬ್ಬನಿಗೆ ಸಿಗದ ಸೌಕರ್ಯ. ನಮ್ಮ ಹಳೆಯ ಕಾದಂಬರಿಗಳು ಎರಡನೆಯವನ ಕಣ್ಣಿನಿಂದ ದಾರಿಯನ್ನು ಕಂಡವು. ಇಂದಿನ ಸವಾರಿ ಬರಹ ಅವನನ್ನು ಹೆಚ್ಚುಕಡಿಮೆ ಮರೆತೇಬಿಟ್ಟಿದೆ.

ಮೊದಲು ಸವಾರಿ ಬರಹದ ಮಾತು. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಸೈಕಲ್, ಬೈಕು, ಚಾರಣದ ಬರಹಗಳು ಕನ್ನಡದಲ್ಲಿ ರಾಶಿ ಬಂದಿವೆ. ಅವುಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು. ಬೆಳಗಿನ ಮಂಜು, ‘ಪ್ರಕೃತಿಯ ಮಡಿಲು’, ಒಂದು ಜಲಪಾತ, ದಾರಿಬದಿಯ ಹೊಟೇಲಿನ ಬನ್ಸು, ಎಷ್ಟು ಕಿಲೋಮೀಟರು, ಎಷ್ಟು ಮೀಟರು ಏರು, ಕೊನೆಗೆ ‘ದಣಿವೆಲ್ಲ ಮಾಯ’. ಇವುಗಳ ಮೆಚ್ಚಿನ ಪದಪುಂಜ ‘ಯಾರೂ ತುಳಿಯದ ದಾರಿ’. ಕುಂದಾಪುರದ ಯಾವ ಹಾಡಿಗೆ ಹೋದರೂ ಈ ಮಾತು ಸುಳ್ಳಾಗುತ್ತದೆ. ತುಳಿದದ್ದರಿಂದಲೇ ಅದು ದಾರಿಯಾದದ್ದು. ತಲೆಹೊರೆಯಲ್ಲಿ ಸೊಪ್ಪು ತಂದವರು, ಶಾಲೆಗೆ ಹೋದ ಮಕ್ಕಳು, ರಾತ್ರಿ ಆಟ ನೋಡಿ ನಸುಕಿಗೆ ಮನೆಗೆ ಬಂದವರು ತುಳಿದಿದ್ದಾರೆ. ಬರೆಯುವವನು ಕಾಣಲಿಲ್ಲ, ಅಷ್ಟೆ.

ಇದಕ್ಕೆ ಅಪವಾದಗಳಿವೆ. ಮಂಗಳೂರಿನಲ್ಲಿ ಅತ್ರಿ ಬುಕ್ ಸೆಂಟರ್ ನಡೆಸಿದ ಜಿ.ಎನ್. ಅಶೋಕವರ್ಧನರ ಸೈಕಲ್ ಸರ್ಕೀಟಿನ ಟಿಪ್ಪಣಿಗಳನ್ನು ಓದಿದವರಿಗೆ ಗೊತ್ತು. ಅಲ್ಲಿ ಅಡ್ಡದಾರಿಗೊಂದು ಹೆಸರಿರುತ್ತದೆ, ಗುಡ್ಡ ಕಡಿದ ಜಾಗಕ್ಕೊಂದು ಸಿಟ್ಟಿರುತ್ತದೆ, ದಾರಿ ಕೇಳಿದ ಮನುಷ್ಯನಿಗೊಂದು ಮಾತಿರುತ್ತದೆ. ಸವಾರನ ಸಾಹಸಕ್ಕಿಂತ ಊರಿನ ಸ್ಥಿತಿ ಮುಖ್ಯವಾದಾಗ ಬರಹದ ಗದ್ಯವೇ ಬದಲಾಗುತ್ತದೆ ಎನ್ನುವುದಕ್ಕೆ ಅದು ಒಳ್ಳೆಯ ಉದಾಹರಣೆ.

‘ಗ್ರಾವೆಲ್’ ಎಂಬ ಈ ಹವ್ಯಾಸ ಹೊರಗಿನಿಂದ ಬಂದದ್ದು. ಬ್ರಿಟನ್ನಿನಲ್ಲಿ ಕಲ್ಲುಮಣ್ಣಿನ ದಾರಿಗಳನ್ನೇ ಹುಡುಕಿ ಹೋಗುವ ಸೈಕಲ್ ಸವಾರರು 1955ರಲ್ಲೇ ‘ರಫ್ ಸ್ಟಫ್ ಫೆಲೋಶಿಪ್’ ಎಂಬ ಸಂಘ ಕಟ್ಟಿದ್ದರು. ಅಮೆರಿಕದ ಕ್ಯಾನ್ಸಸ್ ರಾಜ್ಯದ ಎಂಪೋರಿಯಾದಲ್ಲಿ 2006ರಲ್ಲಿ ಶುರುವಾದ ಪಂದ್ಯವೊಂದು ಗ್ರಾವೆಲ್ಲನ್ನು ಜಗತ್ತಿಗೆ ಪರಿಚಯಿಸಿತು. ‘ಡರ್ಟಿ ಕಾನ್ಜಾ’ ಎಂದಿದ್ದ ಅದರ ಹೆಸರು ಆ ನೆಲದ ಮೂಲನಿವಾಸಿಗಳಾದ ಕಾ ಜನರ ಹೆಸರಿಗೆ ‘ಕೊಳಕು’ ಎಂಬ ವಿಶೇಷಣ ಅಂಟಿಸಿದಂತಿದೆ ಎಂಬ ಆಕ್ಷೇಪ ಬಂತು. 2020ರಲ್ಲಿ ಹೆಸರನ್ನು ‘ಅನ್‌ಬೌಂಡ್’ ಎಂದು ಬದಲಿಸಿದರು. ಅಂದರೆ ಈ ಆಟದ ತವರಿನಲ್ಲೂ ಕೊನೆಗೆ ಎದ್ದ ಪ್ರಶ್ನೆ ಇದೇ: ನೀವು ಓಡಿಸುವ ಮಣ್ಣಿನ ಮೇಲೆ ಯಾರಿದ್ದರು?

ನಮ್ಮ ಕಡೆ ಈ ಪ್ರಶ್ನೆಯನ್ನು ಕಾದಂಬರಿಗಳು ಬಹಳ ಮೊದಲೇ ಎತ್ತಿದ್ದವು. ಘಟ್ಟದ ದಾರಿಯಲ್ಲಿ ಸೈಕಲ್ ಎಂದೊಡನೆ ಕನ್ನಡದ ಓದುಗರಿಗೆ ನೆನಪಾಗುವುದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967). ಹತ್ತೊಂಬತ್ತನೇ ಶತಮಾನದ ಕೊನೆಯ ಮಲೆನಾಡಿಗೆ ಪಾದ್ರಿ ಜೀವರತ್ನಯ್ಯ ಬೈಸಿಕಲ್ಲು ತರುತ್ತಾನೆ. ಹಳ್ಳಿಯವರ ಬಾಯಲ್ಲಿ ಅದು ‘ಬೀಸೆಕಲ್ಲು’ ಆಗುತ್ತದೆ. ಇದನ್ನು ಬರೀ ತಮಾಷೆಯಾಗಿ ಓದಿ ಮುಂದೆ ಹೋಗುವುದುಂಟು. ಆದರೆ ಹೆಸರಿಟ್ಟವರ ಕಣ್ಣಿನಿಂದ ನೋಡಿ. ಅವರಿಗೆ ಗೊತ್ತಿದ್ದ ದುಂಡಗಿನ, ತಿರುಗುವ ವಸ್ತು ಅಡುಗೆಮನೆಯ ಬೀಸುವ ಕಲ್ಲು. ಹೊಸ ಯಂತ್ರವನ್ನು ಅವರು ತಮ್ಮ ಮನೆಯೊಳಕ್ಕೆ ಎಳೆದುಕೊಂಡು ಅರ್ಥ ಮಾಡಿಕೊಂಡರು. ಬೆಟ್ಟಳ್ಳಿಯ ದೇವಯ್ಯನಿಗೆ ಅದೇ ಬೈಸಿಕಲ್ಲು ಹೊಸ ಮತದ, ಹೊಸ ಬದುಕಿನ ಸೆಳೆತದ ಜೊತೆಗೇ ಬರುತ್ತದೆ. ಕಾಲ್ದಾರಿಗಳೇ ಇರುವ ಮಲೆಯಲ್ಲಿ ಚಕ್ರದ ಮೇಲೆ ಬರುವವನಿಗೆ ಒಂದು ಬಗೆಯ ಅಧಿಕಾರವಿದೆ. ಅದೇ ಕಾಡಿನಲ್ಲಿ ಐತ, ಪೀಂಚಲು ಬರಿಗಾಲಲ್ಲಿ ಓಡಾಡುತ್ತಾರೆ. ಘಟ್ಟದ ತಗ್ಗಿನಿಂದ ಕೂಲಿಗೆಂದು ಮೇಲೆ ಹತ್ತಿ ಬಂದ ಆಳುಗಳ ಲೋಕ ಅವರದು. ಕುವೆಂಪು ಇಬ್ಬರನ್ನೂ ಒಂದೇ ದಾರಿಯಲ್ಲಿ ಇಡುತ್ತಾರೆ. ಸೈಕಲ್ಲು ವಿಸ್ಮಯವೂ ಹೌದು, ಅಂತರವೂ ಹೌದು ಎಂಬುದು ಬರಿಗಾಲಿನವರು ಪಕ್ಕದಲ್ಲಿರುವುದರಿಂದಲೇ ನಮಗೆ ಕಾಣುತ್ತದೆ.

ನಮ್ಮ ಸೈಕಲ್ಲುಗಳ ಬೆಲೆ ನೆನೆದರೆ ನಾವು ಆ ಕಾದಂಬರಿಯಲ್ಲಿ ಪಾದ್ರಿಯ ಜಾಗದಲ್ಲಿದ್ದೇವೆ, ಐತನ ಜಾಗದಲ್ಲಲ್ಲ. ಯೋಜನೆ ಹಾಕುವಾಗ ಇದು ಗೊತ್ತಿರುವುದು ಒಳ್ಳೆಯದು.

ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರ ‘ಬೆಟ್ಟದ ಜೀವ’ (1943) ಇನ್ನೊಂದು ಪಾಠ. ಕತೆ ನಡೆಯುವುದು ನಮ್ಮ ದಾರಿಯಿಂದ ದಕ್ಷಿಣಕ್ಕೆ, ಸುಬ್ರಹ್ಮಣ್ಯದ ಕಾಡಿನಲ್ಲಿ. ಆದರೂ ಘಟ್ಟದ ಬುಡದಲ್ಲಿ ಅಪರಿಚಿತನೊಬ್ಬ ಹೇಗಿರಬೇಕು ಎಂಬುದಕ್ಕೆ ಕನ್ನಡದಲ್ಲಿ ಅದಕ್ಕಿಂತ ಒಳ್ಳೆಯ ಪುಸ್ತಕ ನನಗೆ ಕಾಣದು. ನಿರೂಪಕ ಸಂಜೆಯಲ್ಲಿ ದಾರಿ ತಪ್ಪುತ್ತಾನೆ. ದೇರಣ್ಣ, ಬಟ್ಯ ಅವನನ್ನು ಕೆಳಬೈಲಿನ ಗೋಪಾಲಯ್ಯನವರ ಮನೆಗೆ ಮುಟ್ಟಿಸುತ್ತಾರೆ. ಅಲ್ಲಿಂದ ಮುಂದೆ ಅವನ ಪ್ರಯಾಣ ಅವನದಲ್ಲ. ಅವನು ಎಲ್ಲಿ ಹೋಗಬೇಕು, ಏನು ನೋಡಬೇಕು, ಎಷ್ಟು ದಿನ ಉಳಿಯಬೇಕು ಎಂಬುದನ್ನು ಆತಿಥೇಯರೇ ನಿರ್ಧರಿಸುತ್ತಾರೆ. ಕಾಡು, ಬೆಟ್ಟ, ಆನೆ, ತೋಟ ಎಲ್ಲವೂ ಇವೆ. ಆದರೆ ಕಾದಂಬರಿಯ ಭಾರ ಇರುವುದು ಮನೆ ಬಿಟ್ಟು ಹೋದ ಮಗನಿಗಾಗಿ ಕಾಯುವ ಮುದುಕ ಮುದುಕಿಯರಲ್ಲಿ. ನಿರೂಪಕ ನಡೆದು ಬಂದ ದಾರಿ ಅವರಿಗೆ ಮಗ ಮರಳಿ ಬರಬಹುದಾದ ದಾರಿ. ಇಂದಿನ ಸವಾರಿ ಬರಹದಲ್ಲಿ ಈ ತಿರುವು ಬರುವುದೇ ಇಲ್ಲ. ಅಲ್ಲಿ ಬಂದವನೇ ನಾಯಕ, ಮನೆಯವರು ನೀರು ಕೊಟ್ಟು ಮರೆಯಾಗುವವರು.

ಮನೆ ಬಿಟ್ಟು ಹೋಗುವುದು ಈ ಸೀಮೆಯ ದೊಡ್ಡ ಕತೆ. ಕಾರಂತರ ‘ಮರಳಿ ಮಣ್ಣಿಗೆ’ ಕಡಲತಡಿಯ ಊರೊಂದರ ಮೂರು ತಲೆಮಾರಿನ ಬದುಕನ್ನು ಹೇಳುತ್ತ ಕೊನೆಗೆ ಹೊರಗೆ ಹೋದ ಮೊಮ್ಮಗನನ್ನು ನೆಲಕ್ಕೆ ಕರೆತರುತ್ತದೆ. ಕಾದಂಬರಿಯ ಹೊರಗೆ ಹೆಚ್ಚಿನವರು ಮರಳಲಿಲ್ಲ. ಕುಂದಾಪುರದ ಹುಡುಗರು ಹೊಟೇಲುಗಳ ಕೆಲಸಕ್ಕೆ ಬೆಂಗಳೂರು, ಬೊಂಬಾಯಿಗೆ ಹೋದರು. ಇಂದಿಗೂ ರಾತ್ರಿ ಬಸ್ಸುಗಳು ತುಂಬಿ ಹೋಗುವುದು ಆ ಕಡೆಗೇ. ನಾವು ಸಂತೋಷಕ್ಕೆಂದು ಹತ್ತಬೇಕೆಂದಿರುವ ಘಾಟಿಗಳು ಮೊದಲು ಬದುಕು ಕಟ್ಟಲು ಹತ್ತಿದವರ ಘಾಟಿಗಳು. ಅದಕ್ಕೂ ಹಿಂದೆ ಇವು ವ್ಯಾಪಾರದ ದಾರಿಗಳು. ಘಟ್ಟದ ಮೇಲಿನ ನಗರ, ಅಂದರೆ ಬಿದನೂರು, ಕೆಳದಿ ಅರಸರ ರಾಜಧಾನಿಯಾಗಿತ್ತು. ಕೆಳಗೆ ಕುಂದಾಪುರದ ಪಕ್ಕದ ಬಸ್ರೂರು ಅಕ್ಕಿ ರಫ್ತಾಗುತ್ತಿದ್ದ ಬಂದರು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದಾಗ ಕರಾವಳಿಯ ಗತಿಯೂ ಬದಲಾಯಿತು. ಬಾಳೆಬರೆಯನ್ನು ಹತ್ತುವಾಗ ಸೈಕಲ್ಲಿನ ಗೇರು ಎಷ್ಟು ಚಿಕ್ಕದಿದ್ದರೂ ಏದುಸಿರು ತಪ್ಪದು. ಹೇರು ಹೊತ್ತ ಎತ್ತುಗಳ ಹಿಂದೆ ನಡೆದವರ ನೆನಪು ಆಗ ಬಂದರೆ ಸಾಕು.

ವೈದೇಹಿಯವರನ್ನು ಈ ಪಟ್ಟಿಗೆ ಸೇರಿಸುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಕುಂದಾಪುರದ ಈ ಲೇಖಕಿಯ ಕತೆಗಳಲ್ಲಿ ಬೆಟ್ಟ ಹತ್ತುವವರು ಕಡಿಮೆ. ಅಲ್ಲಿನ ದಾರಿ ಅಂಗಳದಿಂದ ಪೇಟೆಗೆ, ತೌರಿನಿಂದ ಗಂಡನ ಮನೆಗೆ ಹೋಗುವಷ್ಟೇ. ‘ಅಮ್ಮಚ್ಚಿಯೆಂಬ ನೆನಪು’ ಕತೆಯ ಅಮ್ಮಚ್ಚಿಗೆ ಪೇಟೆಗೆ ಹೋಗಿಬರುವಷ್ಟು ದಾರಿಯೂ ತನ್ನ ಕೈಯಲ್ಲಿಲ್ಲ. ಆದರೆ ದಾರಿಯ ವಿಮರ್ಶೆಗೆ ಇದಕ್ಕಿಂತ ಹರಿತವಾದ ಅಳತೆ ಬೇರೆ ಯಾವುದು? ಮೂರು ದಿನ ಮನೆ ಬಿಟ್ಟು, ಎಲ್ಲಿ ಮಲಗುವುದೆಂದು ಕೂಡ ಖಚಿತವಿಲ್ಲದೆ, ಕಾಡಿನ ದಾರಿಯಲ್ಲಿ ಹೊರಡುತ್ತೇವೆ ಎಂದು ಹೇಳಲು ಯಾರಿಗೆ ಸಾಧ್ಯ? ನಮ್ಮ ಮೂವರಲ್ಲಿ ಒಬ್ಬಳು ಹೆಣ್ಣುಮಗಳು. ನಮ್ಮಿಬ್ಬರ ಚರ್ಚೆ ಟೈರಿನ ಅಗಲದ್ದು. ಅವಳದು ಸಂಜೆ ಆರರೊಳಗೆ ಯಾವ ಊರು ಸೇರಬೇಕು, ಅಲ್ಲಿ ಯಾರ ಮನೆ ಇದೆ ಎನ್ನುವುದು. ಕೊನೆಗೆ ದಿನಕ್ಕೆ ಎಷ್ಟು ದೂರ ಎಂದು ತೀರ್ಮಾನಿಸಿದ್ದು ಅವಳ ಲೆಕ್ಕವೇ. ಅದೇ ಸರಿಯಾದ ಲೆಕ್ಕವೂ ಆಗಿತ್ತು.

ಇಲ್ಲಿ ಇನ್ನೊಂದು ಸೈಕಲ್ಲಿನ ಕತೆ ಬರುತ್ತದೆ. 2006-07ರಿಂದ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿತು. ಗೇರಿಲ್ಲದ, ಭಾರದ ಸೈಕಲ್ಲು. ಏರಿನಲ್ಲಿ ತಳ್ಳಿಕೊಂಡು, ಇಳಿಜಾರಿನಲ್ಲಿ ಬ್ರೇಕಿನ ಮೇಲೆ ಜೀವ ಇಟ್ಟುಕೊಂಡು, ಮುರಕಲ್ಲಿನ ಚೂರುಗಳ ಮೇಲೆ ಜಾರುತ್ತ ಶಾಲೆ ಮುಟ್ಟಿದ ಆ ಮಕ್ಕಳು ಈ ಸೀಮೆಯ ನಿಜವಾದ ಗ್ರಾವೆಲ್ ಸವಾರರು. ಅವರ ಬಗ್ಗೆ ಸವಾರಿ ಕಥನ ಬಂದದ್ದನ್ನು ನಾನು ಓದಿಲ್ಲ. ಆ ಸಮವಸ್ತ್ರದ ಹುಡುಗಿ ಬೆಳೆದು ಬರೆದರೆ ಅದು ಕನ್ನಡದ ಒಳ್ಳೆಯ ಪ್ರವಾಸ ಕಥನಗಳಲ್ಲಿ ಒಂದಾಗುತ್ತದೆ ಎಂಬ ನಂಬಿಕೆ ನನಗಿದೆ.

ಜಗಲಿಯ ಹಿರಿಯರ ಪ್ರಶ್ನೆ ನಗೆಯಲ್ಲಿ ಮುಗಿಯದೆ ಹೋದದ್ದಕ್ಕೆ ಇನ್ನೂ ಒಂದು ಕಾರಣವಿದೆ. ನಮ್ಮ ಮೊದಲ ಯೋಜನೆಯಲ್ಲಿ ಕಾಲ್ತೋಡಿನ ಕಡೆಯ ಒಳದಾರಿಯೊಂದಿತ್ತು. ನಕಾಶೆಯಲ್ಲಿ ಅದು ಗೆರೆಯಾಗಿ ಹೋಗಿ ಹಳ್ಳದ ಬಳಿ ನಿಲ್ಲುತ್ತದೆ, ಆಚೆ ದಡದಲ್ಲಿ ಮತ್ತೆ ಶುರುವಾಗುತ್ತದೆ. ಗೆಳೆಯ ಉತ್ಸಾಹದಿಂದ, ‘ಇಲ್ಲಿ ಕಾಲುಸಂಕ ಇರಬೇಕು, ಸೈಕಲ್ ಹೆಗಲ ಮೇಲೆ ಹೊತ್ತು ದಾಟಬಹುದು, ಒಳ್ಳೆ ಫೋಟೊ ಬರುತ್ತದೆ’ ಅಂದ. 2022ರ ಆಗಸ್ಟಿನಲ್ಲಿ ಇದೇ ಕಾಲ್ತೋಡು ಗ್ರಾಮದಲ್ಲಿ ಶಾಲೆಯಿಂದ ಮರಳುತ್ತಿದ್ದ ಎರಡನೇ ತರಗತಿಯ ಬಾಲಕಿ ಕಾಲುಸಂಕದಿಂದ ಜಾರಿ ಹಳ್ಳದಲ್ಲಿ ಕೊಚ್ಚಿಹೋದಳು. ಆ ಸುದ್ದಿ ನೆನಪಾದ ಮೇಲೆ ಯಾರೂ ಮಾತಾಡಲಿಲ್ಲ. ಚೈತ್ರದಲ್ಲಿ ಆ ಹಳ್ಳ ಮೊಣಕಾಲು ನೀರೂ ಇಲ್ಲದೆ ಬಿದ್ದಿರುತ್ತದೆ. ವಸಂತದ ಸವಾರನಿಗೆ ಕಾಣುವುದು ಆ ಹಳ್ಳ ಮಾತ್ರ. ಊರಿನವರು ಅದೇ ದಾರಿಯನ್ನು ಆಷಾಢದಲ್ಲೂ ದಾಟಬೇಕು.

ವಸಂತವನ್ನು ಆರಿಸಿಕೊಳ್ಳುವುದರಲ್ಲೇ ಒಂದು ಸವಲತ್ತಿದೆ. ಇಡೀ ವರ್ಷದಲ್ಲಿ ಕಚ್ಚಾ ದಾರಿ ಚಂದ ಕಾಣುವ ಕೆಲವೇ ವಾರಗಳನ್ನು ನಾವು ಆರಿಸಿಕೊಳ್ಳುತ್ತೇವೆ. ಸುರಗಿಯ ವಾಸನೆ, ಗೇರುಹಣ್ಣಿನ ಘಾಟು, ಕಾಟುಮಾವಿನ ಮರದಡಿಯ ನೆರಳು, ಗದ್ದೆಯಲ್ಲಿ ಎದ್ದ ಯಕ್ಷಗಾನದ ಚಪ್ಪರ. ಇವು ಸುಳ್ಳಲ್ಲ. ನಾನೂ ಇವಕ್ಕಾಗಿಯೇ ಹೊರಟವನು. ಆದರೆ ಮಳೆಗಾಲದ ಪುಟವನ್ನು ಹರಿದು ಹಾಕಿ ದಾರಿಯನ್ನು ಓದಿದರೆ ಅದು ಅರ್ಧ ಓದು.

ಹಾಗಾದರೆ ಎಲ್ಲ ದಾರಿಗೂ ಡಾಂಬರು ಬೀಳಲಿ, ಗ್ರಾವೆಲ್ ಸವಾರರು ಮನೆಯಲ್ಲಿರಲಿ ಎಂಬುದು ನನ್ನ ವಾದವೇ? ಅಲ್ಲ. ವಿಷಯ ಅಷ್ಟು ಸುಲಭವಿಲ್ಲ. ಕೊಲ್ಲೂರಿನ ಸುತ್ತ ಮೂಕಾಂಬಿಕಾ ವನ್ಯಧಾಮವಿದೆ, ದಕ್ಷಿಣಕ್ಕೆ ಸೋಮೇಶ್ವರ ವನ್ಯಧಾಮ. ಅಗಲವಾದ ರಸ್ತೆ ಬಂದರೆ ಕಾಡಿನ ಪ್ರಾಣಿಗಳಿಗೆ ಏನಾಗುತ್ತದೆ ಎಂದು ಕೇಳುವವರ ಮಾತಿನಲ್ಲೂ ಸತ್ಯವಿದೆ. ಜಡ್ಕಲ್, ಮುದೂರಿನ ಕಡೆ ಕಾಡಿನಂಚಿನಲ್ಲಿ ಕೇರಳದಿಂದ ಬಂದು ರಬ್ಬರು ನೆಟ್ಟವರಿದ್ದಾರೆ. ಅವರಿಗೂ ದಾರಿ ಬೇಕು. 1343 ಮೀಟರು ಎತ್ತರದ ಕೊಡಚಾದ್ರಿಗೆ ಹೋಗುವ ಜೀಪಿನ ದಾರಿಯನ್ನು ನೋಡಿದವರಿಗೆ ಮಣ್ಣಿನ ದಾರಿಯೂ ಬೆಟ್ಟವನ್ನು ಹೇಗೆ ಕೊರೆಯಬಲ್ಲದು ಎಂದು ಗೊತ್ತು. ಆದರೆ ಅದೇ ಜೀಪು ಹಲವರ ಅನ್ನವೂ ಹೌದು. ನಿಧಾನವಾಗಿ, ಹೊಗೆಯಿಲ್ಲದೆ, ಅಗಲ ಕೇಳದೆ ಹೋಗುವ ಸೈಕಲ್ಲು ಈ ವಾದದಲ್ಲಿ ಕೆಟ್ಟ ಪಕ್ಷವಂತೂ ಅಲ್ಲ. ನನ್ನ ತಕರಾರು ಸವಾರಿಯ ಬಗ್ಗೆ ಅಲ್ಲ, ಕೊರತೆಯನ್ನು ಸೊಬಗು ಎಂದು ಹೆಸರಿಸುವ ಬರಹದ ಬಗ್ಗೆ.

ಒಳ್ಳೆಯ ಬರಹಕ್ಕೆ ಬೇಕಾದ ಸಾಮಗ್ರಿ ದಾರಿಯ ಹೆಸರುಗಳಲ್ಲೇ ಇದೆ. ಉಪಗ್ರಹದ ನಕಾಶೆ ಎಲ್ಲವನ್ನೂ ಒಂದೇ ಬೂದು ಗೆರೆಯಾಗಿ ತೋರಿಸುತ್ತದೆ. ಊರಿನ ಹೆಸರು ನೆಲವನ್ನೇ ಹೇಳುತ್ತದೆ. ಬೈಲು ಎಂದರೆ ನೀರು ನಿಲ್ಲುವ ತಗ್ಗಿನ ಗದ್ದೆ. ಅಮಾಸೆಬೈಲಿನ ಹೆಸರು ಕೇಳಿದರೆ ಇಳಿಜಾರು ಎಲ್ಲಿ ಮುಗಿದೀತು ಎಂಬ ಅಂದಾಜು ಸಿಗುತ್ತದೆ. ಮಕ್ಕಿ ಎಂದರೆ ಮಳೆಯನ್ನೇ ನಂಬಿದ ಎತ್ತರದ ಗದ್ದೆ, ಅಲ್ಲಿಗೆ ಏರು ಇದ್ದೇ ಇದೆ. ತೋಡು ಎಂದರೆ ಹಳ್ಳ, ದಾಟಬೇಕು. ಹಾಡಿ ಎಂದರೆ ಊರಿಗೆ ತಾಗಿದ ಕಾಡು, ನೆರಳುಂಟು, ಬೇರುಗಳೂ ಉಂಟು. ಕಟ್ಟೆ ಎಂದರೆ ಕೂರಲು ಜಾಗ, ಬಹುಶಃ ಒಂದು ಚಹಾದಂಗಡಿ. ಈ ಪದಗಳನ್ನು ಕಟ್ಟಿದವರು ನಡೆದವರು. ಈ ನೆಲದಲ್ಲಿ ನಿಘಂಟೇ ಮೊದಲ ಮಾರ್ಗದರ್ಶಿ.

ಆ ರಾತ್ರಿ ನಮ್ಮ ಯೋಜನೆ ಬದಲಾಯಿತು. ದೂರ ಕಡಿಮೆಯಾಯಿತು. ಮೊದಲ ದಿನ ಬಾರ್ಕೂರಿನಿಂದ ಕೋಟದ ಮೇಲೆ ಸಿದ್ದಾಪುರದವರೆಗೆ ಮಾತ್ರ, ದಾರಿಯಲ್ಲಿ ಕಮಲಶಿಲೆ. ಎರಡನೇ ದಿನ ನಸುಕಿಗೆ ಹೊರಟು ಬಿಸಿಲೇರುವ ಮೊದಲು ಬಾಳೆಬರೆ ಹತ್ತುವುದು. ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರಬಹುದಾದ್ದರಿಂದ ಊಟದ ಹೊತ್ತಿಗೆ ನಗರ ಸೇರಿ ಅಲ್ಲೇ ಉಳಿಯುವುದು. ಮೂರನೇ ದಿನ ಕೊಡಚಾದ್ರಿಯ ತುದಿಗೆ ಹೋಗುವ ಹಟ ಬಿಟ್ಟು ಕಟ್ಟಿನಹೊಳೆಯ ಕಡೆಯ ಮಣ್ಣಿನ ದಾರಿಯಲ್ಲಿ ಬುಡದವರೆಗೆ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಚಾರಣಕ್ಕೆ ತಡೆ ಹಾಕುವುದುಂಟು. ಅನುಮತಿ ಕೇಳದೆ ವನ್ಯಧಾಮದೊಳಗೆ ಚಕ್ರ ಇಡುವುದಿಲ್ಲ ಎಂದು ಬರೆದುಕೊಂಡೆವು. ಆಮೇಲೆ ನಾಗೋಡಿ ಇಳಿದು ಕೊಲ್ಲೂರು. ಫಾಲ್ಗುಣದ ರಥೋತ್ಸವದ ದಿನಗಳನ್ನು ಬಿಟ್ಟರೆ ದಾರಿ ಖಾಲಿ ಇರುತ್ತದೆ. ಅಲ್ಲಿಂದ ಬೈಂದೂರಿಗೆ, ಸಾಧ್ಯವಾದರೆ ಮೊಗೇರಿಗೂ. ಗೋಪಾಲಕೃಷ್ಣ ಅಡಿಗರು ಹುಟ್ಟಿದ ಊರಿಗೆ ಧೂಳು ಮೆತ್ತಿಕೊಂಡೇ ಹೋಗುವುದು ಸರಿ ಅನಿಸಿತು.

ಕಾಲ್ತೋಡನ್ನು ಬಿಡಲಿಲ್ಲ. ಆದರೆ ಆ ಕಡೆ ಹೋಗುವುದು ನಾಲ್ಕನೇ ದಿನ, ಸೈಕಲ್ಲು ಬಿಟ್ಟು ನಡೆದು, ಗೆಳತಿಯ ದೊಡ್ಡಮ್ಮನ ಮನೆಗೆ ಎಂದು ತೀರ್ಮಾನವಾಯಿತು. ಟಿಪ್ಪಣಿ ಪುಸ್ತಕದಲ್ಲಿ ದೂರ, ಏರು, ನೀರು ಎಂಬ ಮೂರು ಕಾಲಮ್ಮುಗಳ ಪಕ್ಕದಲ್ಲಿ ಅವಳು ನಾಲ್ಕನೆಯದನ್ನು ಗೀಚಿದಳು: ‘ಈ ದಾರಿಯಲ್ಲಿ ದಿನಾ ಹೋಗುವವರು ಯಾರು?’ ಕೆಲವು ಸಾಲುಗಳಲ್ಲಿ ಹಾಲಿನ ಡೈರಿಯವನು ಎಂದಿದೆ, ಕೆಲವದರಲ್ಲಿ ಶಾಲೆಮಕ್ಕಳು, ಒಂದರಲ್ಲಿ ಆಶಾ ಕಾರ್ಯಕರ್ತೆ. ಬಹಳಷ್ಟು ಸಾಲುಗಳು ಇನ್ನೂ ಖಾಲಿ ಇವೆ. ಅವನ್ನು ತುಂಬಿಸಿಕೊಂಡು ಬಂದ ಮೇಲೆ ಜಗಲಿಯ ಹಿರಿಯರಿಗೆ ಓದಿ ಹೇಳಬೇಕು.